ಪುಲಿಕೇಶಿನಗರದಿಂದ ಬೋಧಿಯ ನೆರಳಿಗೆ

ಬೆಂಗಳೂರು ದಂಡುಪ್ರದೇಶದಲ್ಲಿ ೧೮೯೮ರ ಪ್ಲೇಗಿನ ತರುವಾಯ ಮೈದಳೆದ ಫ್ರೇಜರ್ ಟೌನ್ ಇಂದು ಪುಲಿಕೇಶಿನಗರ. ಮಸೀದಿ ರಸ್ತೆ, ಹಳೆಯ ಇಗರ್ಜಿಗಳು, ಸಂಜೆಯಾದೊಡನೆ ಘಮಘಮಿಸುವ ತಿನಿಸಿನ ಅಂಗಡಿಗಳು. ಜನರ ಬಾಯಲ್ಲಿ ಈಗಲೂ ಹಳೆಯ ಹೆಸರೇ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹೊಸ ಹೆಸರು.

ಇಮ್ಮಡಿ ಪುಲಿಕೇಶಿಯ ನಾಡಿಗೆ ಕ್ರಿ.ಶ. ೬೪೧ರ ಸುಮಾರಿಗೆ ಚೀನೀ ಯಾತ್ರಿಕನೊಬ್ಬ ಬಂದಿದ್ದ. ಅವನೇ ಹ್ಯೂಯೆನ್‌ತ್ಸಾಂಗ್. ದೇಶ ಬಿಡಬಾರದೆಂಬ ಅರಸಾಜ್ಞೆಯನ್ನು ಮೀರಿ, ಮರುಭೂಮಿ ದಾಟಿ ಹೊರಟಿದ್ದ ಅವನು ಊರಿಗೆ ಮರಳಿದ್ದು ೬೪೫ರಲ್ಲಿ, ೬೫೭ ಗ್ರಂಥಗಳೊಡನೆ. ಈ ನಾಡಿನ ಅರಸನ ಶೌರ್ಯವನ್ನೂ ಇಲ್ಲಿದ್ದ ವಿಹಾರಗಳನ್ನೂ ಆತ ಬರೆದಿಟ್ಟಿದ್ದಾನೆ. ಐಹೊಳೆಯ ಮೇಗುಟಿ ಬೆಟ್ಟವನ್ನೇರಿದವರು ಪುಲಿಕೇಶಿಯ ಶಾಸನವಿರುವ ಜಿನಾಲಯವನ್ನು ನೋಡಿ ಬರುತ್ತಾರೆ. ಅದೇ ಬೆಟ್ಟದ ಇಳಿಜಾರಿನಲ್ಲಿರುವ ಎರಡಂತಸ್ತಿನ ಬೌದ್ಧ ಗುಡಿಯತ್ತ ತಿರುಗುವವರು ಕಡಿಮೆ.

ಅರಿವಿನ ಅಂಥದೇ ಹಸಿವು ನಮ್ಮ ಕಾಲಕ್ಕೆ ಹತ್ತಿರದಲ್ಲಿಯೂ ಬೆಂಗಳೂರಿನ ಹಾದಿ ತುಳಿದಿದೆ. ೧೯೪೭ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯ ಬಂದ ಮೂರೇ ದಿನಕ್ಕೆ, ಹಿಮಾಲಯದ ಕಸೌಲಿಯಿಂದ ಇಬ್ಬರು ತರುಣರು ಕಾಷಾಯವುಟ್ಟು ಹೊರಟರು. ಒಬ್ಬ ಬಂಗಾಳಿ, ಮತ್ತೊಬ್ಬ ಆಂಗ್ಲ. ತಮ್ಮ ಗುರುತಿನ ಕಾಗದಗಳನ್ನೂ ಉಳಿಸಿಕೊಳ್ಳಲಿಲ್ಲ. ದಕ್ಷಿಣದಲ್ಲಿ ಅಲೆದರು, ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರನ್ನು, ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳನ್ನು, ಬೆಂಗಳೂರಿನಲ್ಲಿ ಯಲಹಂಕನಾಥರನ್ನು ಕಂಡರು. ಕಡೆಗೆ ಸಾರನಾಥಕ್ಕೆ ಹೋಗಿ ದೀಕ್ಷೆ ಬೇಡಿದರೆ ಅಲ್ಲಿ ಅದು ದೊರೆಯಲಿಲ್ಲ. ಬೇರೊಬ್ಬರಾಗಿದ್ದರೆ ಅಲ್ಲಿಂದಲೇ ಮನೆಗೆ ಮರಳುತ್ತಿದ್ದರೇನೋ! ಇವರು ಕುಶಿನಗರದವರೆಗೆ ನಡೆದೇ ಹೋದರು. ೧೯೪೯ರ ಮೇ ತಿಂಗಳಲ್ಲಿ ಊ ಚಂದ್ರಮಣಿ ಮಹಾಥೇರರು ಇಬ್ಬರಿಗೂ ಶ್ರಾಮಣೇರ ದೀಕ್ಷೆಯಿತ್ತರು. ಆಂಗ್ಲ ತರುಣ ಸಂಘರಕ್ಷಿತನಾದ. ಬಂಗಾಳಿ ತರುಣನೇ ಮುಂದೆ ೧೯೫೬ರಲ್ಲಿ ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ ಆಚಾರ್ಯ ಬುದ್ಧರಕ್ಖಿತರು.

ಪುಲಿಕೇಶಿನಗರದಿಂದ ನಾವು ಹೋದದ್ದು ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿರುವ ಆ ವಿಹಾರಕ್ಕೆ. ದಾರಿಯುದ್ದಕ್ಕೂ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿತ್ತು: ತೃಷ್ಣೆಯೇ ದುಃಖಮೂಲವೆನ್ನುವ ಧರ್ಮದಲ್ಲಿ ಬೋಧಿಗಾಗಿ ಹಂಬಲಿಸುವುದೂ ತೃಷ್ಣೆಯಲ್ಲವೆ? ಪಾಲಿಯಲ್ಲಿ ಇದಕ್ಕೆ ಎರಡು ಮಾತುಗಳಿವೆ. ‘ತಣ್ಹಾ’ ಎಂಬುದು ಹಿಡಿದುಕೊಳ್ಳುವ ದಾಹ. ‘ಛಂದ’ ಎಂಬುದು ಕೈಗೊಳ್ಳುವ ಸಂಕಲ್ಪ, ಅದು ಒಳಿತಿನತ್ತ ತಿರುಗಿದಾಗ ಸಾಧನೆಗೆ ಬೇಕೇ ಬೇಕು. ಗಡಿಯನ್ನು ಗುರುತಿಸುವುದು ಮಾತ್ರ ಕಠಿನ. ಬುದ್ಧನ ನೆರಳಿನಂತಿದ್ದ ಆನಂದನಿಗೇ ಅದು ಸುಲಭವಾಗಲಿಲ್ಲ. ಪ್ರಥಮ ಸಂಗೀತಿಯ ಹಿಂದಿನ ಇರುಳು ಅರ್ಹತ್ವಕ್ಕಾಗಿ ಬೆಳಗಿನವರೆಗೂ ಹೆಣಗಿದ ಆತನಿಗೆ ಅದು ಲಭಿಸಿದ್ದು, ದಣಿದು ಒರಗುವಾಗ, ತಲೆ ದಿಂಬನ್ನು ಮುಟ್ಟುವ ಮೊದಲು ಎಂದು ಪರಂಪರೆ ಹೇಳುತ್ತದೆ.

ಬುದ್ಧರಕ್ಖಿತರು ೨೦೧೩ರಲ್ಲಿ ತೀರಿಕೊಂಡರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ಚಿಕಿತ್ಸಾ ಕೇಂದ್ರಕ್ಕೆ ಮಹಾಬೋಧಿಯ ಹೆಸರಿದೆ. ಒಲೆಯ ಬೆಂಕಿಗೆ ಸಿಕ್ಕವರನ್ನು ಹೊತ್ತು ತಂದ ಮನೆಯವರಿಗೆ ಆ ಹೆಸರಿನ ಹಿಂದಿನ ಅಲೆದಾಟ ತಿಳಿದಿರಬೇಕಾಗಿಲ್ಲ. ವಿಹಾರದ ಅಂಗಳದಲ್ಲಿ ಬೋಧಿವೃಕ್ಷವಿದೆ. ಅದರಡಿ ನಾವು ಕೊಂಚ ಹೊತ್ತು ಕುಳಿತೆವು. ಮೆಜೆಸ್ಟಿಕ್ಕಿನ ಬಸ್ಸುಗಳ ಸದ್ದು ಅಲ್ಲಿಗೂ ಬರುತ್ತಿತ್ತು.