ದೆವ್ವದ ಒಲೆ

ಹೆಬ್ಬಾಳ ಎಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ಮೇಲ್ಸೇತುವೆ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಮೈಸೂರಿನ ಹೆಬ್ಬಾಳ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಇನ್ಫೋಸಿಸ್ ಕ್ಯಾಂಪಸ್ಸು, ನಡುವೆ ನಮ್ಮಂಥವರ ಬಡಾವಣೆಗಳು. ಶಿಫ್ಟ್ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಒಂದು ಕಾಲಕ್ಕೆ ಸಿ.ಡಿ. ಬಾಡಿಗೆ ಅಂಗಡಿಯೊಂದಿತ್ತು. ದಿನಕ್ಕೆ ಹತ್ತು ರೂಪಾಯಿ. ಕಣ್ಣಿನ ಮಟ್ಟದ ಸಾಲಿನಲ್ಲಿ ರಾಜ್‌ಕುಮಾರ್, ವಿಷ್ಣುವರ್ಧನ್. ಕೆಳಗಿನ ಸಾಲಿನಲ್ಲಿ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಂತೆ, ದೆವ್ವದ ಚಿತ್ರಗಳು. ಹಿಂದಿಯ ರಾಮ್‌ಸೇ ಸಹೋದರರದ್ದು, ತೆಲುಗಿನ ವಿಠ್ಠಲಾಚಾರ್ಯರದ್ದು, ಯಾವ ಭಾಷೆಯದೆಂದು ಅಂಗಡಿಯವನಿಗೂ ಗೊತ್ತಿಲ್ಲದ ಕೆಲವು.

2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಒಂದು ವಿಸಿಡಿ ಮಾರತೊಡಗಿತು. ಕೊಳ್ಳುವುದಕ್ಕೇ ಅಷ್ಟು ಅಗ್ಗವಾದ ಮೇಲೆ ಬಾಡಿಗೆಗೆ ಯಾರು ಬರುತ್ತಾರೆ? ಆಮೇಲೆ ಮೊಬೈಲ್ ಬಂತು. ನಮ್ಮ ಅಂಗಡಿಯೂ ರೀಚಾರ್ಜ್ ಅಂಗಡಿಯಾಯಿತು. ಖಾಲಿ ಮಾಡುವ ದಿನ ಅಂಗಡಿಯವನು ಕೆಳಗಿನ ಸಾಲನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ನನ್ನ ಕೈಗಿಟ್ಟ. "ಇವನ್ನ ಗುಜರಿಯವನೂ ತಗೊಳಲ್ಲ ಸಾರ್. ನಿಮ್ಗೆ ಇದ್ರ ಹುಚ್ಚಿದೆ, ತಗೊಂಡೋಗಿ" ಅಂದ.

ಆ ಪೆಟ್ಟಿಗೆ ನಮ್ಮ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಇತ್ತು. ಅದನ್ನು ಇಳಿಸುವಂತೆ ಮಾಡಿದವಳು ಅಮ್ಮ. ಅಮ್ಮನಿಗೆ ಈಗ ಎಪ್ಪತ್ತೆಂಟು. ಗ್ಲೂಕೋಮಾದಿಂದ ಬಲಗಣ್ಣಿನ ದೃಷ್ಟಿ ಹೋಗಿದೆ. ಹೋದದ್ದು ಹಿಂದೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ. ಒಂದು ಸಂಜೆ ಔಷಧಿಯ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತವಳು, "ಟೆಂಟಲ್ಲಿ ನೋಡಿದ್ದೆನಲ್ಲ, ನಾಗಕನ್ನಿಕೆ ಸಿನಿಮಾ, ಅದು ಸಿಗಲ್ವೇನೋ ಈಗ?" ಎಂದು ಕೇಳಿದಳು.

ಕೆ.ಆರ್. ನಗರದ ಕಡೆಯ ಹಳ್ಳಿಯಲ್ಲಿ, ನೆಲದ ಮೇಲೆ ಕೂರಲು ಎರಡಾಣೆ ಕೊಟ್ಟು ನೋಡಿದ ಚಿತ್ರ. ಕಥೆ ಪೂರ್ತಿ ನೆನಪಿಲ್ಲ. ಹಾವು ಕಾಣಿಸಿಕೊಂಡಾಗ ಮುಂದಿನ ಸಾಲಿನ ಹೆಂಗಸರು ಎದ್ದು ಕೈಮುಗಿದದ್ದು, ರೀಲು ಬದಲಿಸುವಾಗ ಗಂಡಸರು ಶಿಳ್ಳೆ ಹಾಕಿದ್ದು, ಮನೆಗೆ ಹೋಗುವಾಗ ಕತ್ತಲಲ್ಲಿ ಹಗ್ಗ ತುಳಿದು ಕಿರುಚಿದ್ದು ಎಲ್ಲ ನೆನಪಿದೆ.

ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಇದ್ದದ್ದು 1978ರ ತೆಲುಗು 'ಜಗನ್ಮೋಹಿನಿ'. ವಿಠ್ಠಲಾಚಾರ್ಯರದೇ. ಹಾಕಿದೆ. ಅಮ್ಮನಿಗೆ ತೆಲುಗು ಬಾರದು. ಎಡಗಣ್ಣಿಗೆ ಹತ್ತಿರವಾಗುವಂತೆ ಕುರ್ಚಿ ಎಳೆದುಕೊಂಡು ಕೂತು ನೋಡಿದಳು. ಇವರ ದೆವ್ವಗಳ ಪ್ರಸಿದ್ಧ ಕೆಲಸವೊಂದಿದೆ. ಸೌದೆಯ ಬದಲು ತಮ್ಮ ಕಾಲನ್ನೇ ಒಲೆಗೆ ಚಾಚಿ ಅಡುಗೆ ಮಾಡುತ್ತವೆ. ಅದನ್ನು ಹೇಳಿ ನಗುವವರೇ ಹೆಚ್ಚು. ನಾನು ಆ ಮಾತು ತೆಗೆದಾಗ ಅಮ್ಮನೂ ನಕ್ಕಳು. ಆಮೇಲೆ, "ಸತ್ತು ದೆವ್ವ ಆದ್ರೂ ಹೆಂಗಸಿಗೆ ಒಲೆ ಮುಂದೆ ಕೂರೋದು ತಪ್ಪಲಿಲ್ಲ ನೋಡು" ಅಂದಳು. ಇಂಥ ಚಿತ್ರಗಳ ಬಗ್ಗೆ ನಾನು ಓದಿದ ಬರಹಗಳಲ್ಲಿ ಎಲ್ಲೂ ಈ ಮಾತು ಕಂಡಿರಲಿಲ್ಲ.

ವಿಠ್ಠಲಾಚಾರ್ಯರು ತೆಲುಗಿನಲ್ಲಿ ಹೆಸರು ಮಾಡಿದರೂ ಹುಟ್ಟಿದ್ದು ಉಡುಪಿ ಬಳಿಯ ಉದ್ಯಾವರದಲ್ಲಿ, 1920ರಲ್ಲಿ. ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿನ ವ್ಯಾಪಾರಕ್ಕೆ ಇಳಿದು, ಕೊನೆಗೆ ಡಿ. ಶಂಕರ್ ಸಿಂಗ್ ಅವರ ಜೊತೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. 1949ರಲ್ಲಿ 'ನಾಗಕನ್ನಿಕಾ' ಬಂತು. 1951ರಲ್ಲಿ ಶಂಕರ್ ಸಿಂಗ್ ನಿರ್ದೇಶನದಲ್ಲಿ, ಹರಿಣಿ ನಟಿಸಿದ ಕನ್ನಡದ 'ಜಗನ್ಮೋಹಿನಿ' ಬಂತು. ದೊಡ್ಡ ಸೆಟ್ಟಿಗೆ ದುಡ್ಡಿಲ್ಲದ ಕಾಲದಲ್ಲಿ ಹಾವು, ಮಾಯೆ, ಮಂತ್ರವಾದಿಗಳನ್ನು ನಂಬಿ ಹೊರಟ ಕಂಪನಿ ಅದು. ಟೆಂಟಿನ ನೆಲದ ಮೇಲೆ ಕೂರುವ ಜನಕ್ಕೆ ಏನು ಬೇಕೆಂದು ಟೆಂಟಿನ ವ್ಯಾಪಾರ ಮಾಡಿದವರಿಗೆ ಗೊತ್ತಿರಲೇಬೇಕು. ಅಂದರೆ ಅಮ್ಮ ಕೇಳಿದ ಸಿನಿಮಾ ಹೊರಟದ್ದು ನಾವಿರುವ ಈ ಊರಿನಿಂದಲೇ. ಈ ಊರಿನ ಅಂಗಡಿಗಳಲ್ಲಿ ಎಷ್ಟು ಹುಡುಕಿದರೂ ಅದರ ಒಂದು ಡಿಸ್ಕು ನನಗೆ ಸಿಗಲಿಲ್ಲ.

ಹೊರಗೆ ಇಂಥ ಚಿತ್ರಗಳಿಗೆ ಏನಾಗುತ್ತಿದೆ ನೋಡಿ. 1953ರಲ್ಲಿ ಅಮೆರಿಕದಲ್ಲಿ 'ರೋಬೋಟ್ ಮಾನ್‌ಸ್ಟರ್' ಎಂಬ ತ್ರೀಡಿ ಚಿತ್ರ ಬಂದಿತ್ತು. ನಾಲ್ಕು ದಿನದ ಚಿತ್ರೀಕರಣ, ಸುಮಾರು 16,000 ಡಾಲರ್ ಖರ್ಚು. ರೋಬೋಟ್ ವೇಷಕ್ಕೆ ದುಡ್ಡು ಸಾಲದೆ, ಸ್ವಂತ ಗೊರಿಲ್ಲಾ ವೇಷವಿದ್ದ ನಟನನ್ನು ಕರೆತಂದು ಅವನ ತಲೆಗೆ ಹೆಲ್ಮೆಟ್ ಹಾಕಿದರು. ಜಗತ್ತಿನ ಅತಿ ಕೆಟ್ಟ ಚಿತ್ರಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪುವುದೇ ಇಲ್ಲ. ಅದಕ್ಕೆ ಎಪ್ಪತ್ತು ವರ್ಷ ತುಂಬಿದಾಗ, 2023ರಲ್ಲಿ, ಅಲ್ಲಿನ ತ್ರೀಡಿ ಫಿಲ್ಮ್ ಆರ್ಕೈವ್ ಅದನ್ನು ಶುಚಿಗೊಳಿಸಿ ಬ್ಲೂ-ರೇಯಲ್ಲಿ ತಂದಿತು. ಅದೇ ವರ್ಷ ಮೊಂಡೊ ಮಕಾಬ್ರೊ ಎಂಬ ವಿದೇಶಿ ಸಂಸ್ಥೆ ನಮ್ಮ ರಾಮ್‌ಸೇಗಳ 'ಪುರಾನಾ ಮಂದಿರ್', 'ವೀರಾನಾ', 'ಬಂದ್ ದರ್ವಾಜಾ' ಮೊದಲಾದ ಆರು ಚಿತ್ರಗಳ ಬ್ಲೂ-ರೇ ಪೆಟ್ಟಿಗೆ ಹೊರತಂದಿತು. ನಮ್ಮ ಅಂಗಡಿಯ ಕೆಳಗಿನ ಸಾಲು ಅಲ್ಲಿ ಸಂಗ್ರಹಯೋಗ್ಯ ವಸ್ತು.

ಕೆಟ್ಟ ಸಿನಿಮಾಕ್ಕೆ ಇಷ್ಟು ಉಪಚಾರ ಯಾಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ನನ್ನ ಉತ್ತರ ಆ ಪೆಟ್ಟಿಗೆಯ ವಿಸಿಡಿಗಳಿಂದಲೇ ಸಿಕ್ಕಿತು. ವಿಸಿಡಿಯಲ್ಲಿ ಚಿತ್ರದ ಅಗಲ 352 ಚುಕ್ಕಿ, ಎತ್ತರ 288 ಚುಕ್ಕಿ, ಅಷ್ಟೇ. ಒಂದು ಡಿಸ್ಕಿಗೆ ಎಂಬತ್ತು ನಿಮಿಷವೂ ಕಷ್ಟ. ಹಾಗಾಗಿ ಸಿನಿಮಾವನ್ನು ಎರಡು ಮೂರು ತುಂಡು ಮಾಡುತ್ತಾರೆ. ದೆವ್ವದ ಚಿತ್ರವೆಂದರೆ ಕತ್ತಲು, ಹೊಗೆ, ಬೆಂಕಿ. ವಿಸಿಡಿಗೆ ಇವು ಮೂರೂ ಆಗುವುದಿಲ್ಲ. ಕತ್ತಲು ಬೂದು ಚೌಕಗಳಾಗಿ ಒಡೆಯುತ್ತದೆ, ಹೊಗೆ ಕೊಳೆಯಂತೆ ಕಾಣುತ್ತದೆ. ಯಾರೋ ಸವೆದ ಪ್ರಿಂಟಿನಿಂದ ಟೇಪಿಗೆ ಇಳಿಸಿ, ಟೇಪಿನಿಂದ ಡಿಸ್ಕಿಗೆ ಇಳಿಸಿದ್ದನ್ನು ನೋಡಿ ನಾವು 'ಎಂಥ ಕಳಪೆ ಸಿನಿಮಾ' ಎನ್ನುತ್ತೇವೆ. ಪ್ರತಿಯ ಪಾಪ ಚಿತ್ರದ ತಲೆಗೆ ಬರುತ್ತದೆ.

ಸ್ವಚ್ಛ ಪ್ರತಿಯಲ್ಲಿ ಬಡ ಸಿನಿಮಾ ಶ್ರೀಮಂತವಾಗುವುದಿಲ್ಲ. ಗೊರಿಲ್ಲಾ ವೇಷದ ಹೊಲಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಹೊಲಿಗೆ ಕಂಡರೆ ಹೊಲಿದವರು ಇದ್ದರು ಎಂದೂ ಗೊತ್ತಾಗುತ್ತದೆ. ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಅದೇ ಜಾಗದಲ್ಲಿ ಆಡು ಕಟ್ಟಿ ಮತ್ತೆ ಕ್ಯಾಮೆರಾ ಓಡಿಸಿದರೆ ಮನುಷ್ಯ ಆಡಾಗುತ್ತಾನೆ. ಡೇಟ್ಸಿಗಾಗಿ ಸತಾಯಿಸಿದ ನಾಯಕನನ್ನು ವಿಠ್ಠಲಾಚಾರ್ಯರು ಹೀಗೆ ಪ್ರಾಣಿ ಮಾಡಿ ಕಥೆ ಮುಂದುವರಿಸುತ್ತಿದ್ದರು ಎಂಬ ದಂತಕಥೆಯೇ ಇದೆ. ನಿಜವೋ ಸುಳ್ಳೋ, ದುಡ್ಡಿಲ್ಲದವರ ಬುದ್ಧಿ ಹೇಗೆ ಓಡುತ್ತದೆ ಎಂಬುದಕ್ಕೆ ಅದು ಸರಿಯಾದ ಉದಾಹರಣೆ. ಆ ಬುದ್ಧಿವಂತಿಕೆ ಇರುವುದು ಫ್ರೇಮಿನ ಅಂಚಿನಲ್ಲಿ, ಎಳೆದ ದಾರದಲ್ಲಿ, ಬಣ್ಣ ಬಳಿದ ಬಟ್ಟೆಯಲ್ಲಿ. ವಿಸಿಡಿ ಮೊದಲು ಅಳಿಸುವುದು ಅದನ್ನೇ.

ನಮ್ಮಲ್ಲಿ ಈ ಕೆಲಸ ಯಾಕೆ ಆಗಿಲ್ಲ ಎಂದು ಬೈಯುವುದು ಸುಲಭ. ಮೊದಲು ಫಿಲ್ಮು ಉಳಿದಿರಬೇಕಲ್ಲ? 1950ರ ದಶಕದ ಆರಂಭದವರೆಗೂ ಬಳಸುತ್ತಿದ್ದದ್ದು ನೈಟ್ರೇಟ್ ಫಿಲ್ಮು, ಬೇಗ ಬೆಂಕಿ ಹಿಡಿಯುವಂಥದ್ದು. ಓಡಿ ಮುಗಿದ ಪ್ರಿಂಟುಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸುತ್ತಿದ್ದರು. 1950ರ ಹೊತ್ತಿಗೇ ಭಾರತ ತನ್ನ ಚಿತ್ರಗಳಲ್ಲಿ ಶೇ. 70ರಿಂದ 80ರಷ್ಟನ್ನು ಕಳೆದುಕೊಂಡಿತ್ತು ಎಂದು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹೇಳುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ದ ಪ್ರಿಂಟೇ ಉಳಿದಿಲ್ಲ. ಮೊದಲನೆಯದಕ್ಕೇ ಈ ಗತಿಯಾದರೆ ಹಾವು ದೆವ್ವಗಳ ಚಿತ್ರವನ್ನು ಎತ್ತಿಡುವವರು ಯಾರು? ಗೌರವ ಸಿಕ್ಕ ಚಿತ್ರಕ್ಕೆ ಪ್ರಶಸ್ತಿಯ ನೆನಪಿರುತ್ತದೆ, ಪುಸ್ತಕವಿರುತ್ತದೆ, ವಿಶ್ವವಿದ್ಯಾಲಯವಿರುತ್ತದೆ. ಟೆಂಟಿನ ಚಿತ್ರಕ್ಕೆ ಟೆಂಟಿನ ಜನ ಮಾತ್ರ. ಆ ಜನಕ್ಕೆ ಈಗ ಎಂಬತ್ತರ ಆಸುಪಾಸು.

ಪೆಟ್ಟಿಗೆಯ ಡಿಸ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಕೆಲವು ಓಡುವುದಿಲ್ಲ, ಬೆಳಕಿಗೆ ಹಿಡಿದರೆ ಹೊಳಪಿನ ಪದರದಲ್ಲಿ ತೂತುಗಳು ಕಾಣುತ್ತವೆ. ಓಡುವವನ್ನು ಉಳಿಸಿದರೂ ಅವು ನಕಲಿನ ನಕಲು, ಅವುಗಳಿಂದ ಮೂಲ ಹುಟ್ಟುವುದಿಲ್ಲ. ಮೂಲ ಸಿಗಬೇಕಾದರೆ ಎಲ್ಲೋ ಒಂದು ತಗಡಿನ ಡಬ್ಬ ಸಿಗಬೇಕು. ಟಾಕೀಸು ನಡೆಸಿದವರ ಮನೆಯ ಅಟ್ಟದಲ್ಲಿ, ಮುಚ್ಚಿದ ಹಂಚಿಕೆದಾರರ ಗೋದಾಮಿನಲ್ಲಿ. ನಿಮ್ಮ ಅಜ್ಜನ ಮನೆಯಲ್ಲಿ ಅಂಥ ಡಬ್ಬ ಇದ್ದರೆ ಗುಜರಿಗೆ ಹಾಕಬೇಡಿ. ಬೆಂಕಿ ಬಿಸಿಲುಗಳಿಂದ ದೂರ ಇಟ್ಟು, 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ. ಡಬ್ಬದ ಮೇಲೆ ಹಾವಿನ ಹೆಸರಿದ್ದರೆ ನಗಬೇಡಿ.

ನಡುವೆ ಅಮ್ಮನನ್ನು ಕೂರಿಸಿಕೊಂಡು ಅವಳಿಗೆ ನೆನಪಿರುವಷ್ಟು 'ನಾಗಕನ್ನಿಕಾ'ವನ್ನು ಬರೆದುಕೊಂಡಿದ್ದೇನೆ, ಎರಡು ಪುಟವಾಗಿದೆ. ಅದರಲ್ಲಿ ಸಿನಿಮಾ ಕಡಿಮೆ, ಟೆಂಟು ಜಾಸ್ತಿ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಸಿಕ್ಕರೆ ನೋಡುತ್ತಾಳೆ.