ಗೊತ್ತಿರುವ ಪದಗಳು

ಗೊತ್ತಿಲ್ಲದ ಪದದಿಂದ ಓದುಗನಿಗೆ ಅಪಾಯ ಕಡಿಮೆ. ಅದು ಎದುರಾದೊಡನೆ ಆತ ನಿಲ್ಲುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ನಿಘಂಟನ್ನು ತೆರೆಯುತ್ತಾನೆ, ಇಲ್ಲವೆ ಬಲ್ಲವರನ್ನು ಕೇಳುತ್ತಾನೆ. ಗೊತ್ತಿದೆ ಎಂದುಕೊಂಡ ಪದದ ವಿಷಯ ಹಾಗಲ್ಲ. ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ನೆಂಟರ ಮನೆಯೆಂದು ಕದ ತಟ್ಟದೆ ಒಳನುಗ್ಗುತ್ತೇವೆ. ಅಲ್ಲಿ ಬೇರೊಂದು ಸಂಸಾರ ಬಿಡಾರ ಹೂಡಿರುವುದು ಆಮೇಲೆ ತಿಳಿಯುತ್ತದೆ. ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ಪದಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಕನ್ನಡ ತರಗತಿಗಳಲ್ಲಿ ಹುಡುಗರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧದಷ್ಟು ಇಂಗ್ಲಿಷಿಗೇ ಸಂಬಂಧಿಸಿದವು. ಇಂಗ್ಲಿಷ್ ಮೇಷ್ಟರನ್ನು ಕೇಳಲು ಅವರಿಗೆ ಅಂಜಿಕೆ!

ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಒಂದು ಹೆದ್ದಾರಿಯ ಮಗ್ಗುಲಲ್ಲಿತ್ತು. ಪೆಟ್ರೋಲು, ಡೀಸೆಲ್ ಹೊತ್ತ ಟ್ಯಾಂಕರ್ ಲಾರಿಗಳು ಹಗಲಿರುಳೆನ್ನದೆ ಓಡಾಡುತ್ತಿದ್ದವು. ಅಂತಹ ಲಾರಿಗಳ ಮೇಲೆ ದಪ್ಪಕ್ಷರಗಳಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನೀವೂ ಕಂಡಿರಬೇಕು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಎದ್ದು ನಿಂತ. “ಸಾರ್, ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ಸರಿಯಲ್ಲದ್ದು. ವಿಸಿಬಲ್ ಎಂದರೆ ಕಾಣುವುದು, ಇನ್‌ವಿಸಿಬಲ್ ಎಂದರೆ ಕಾಣದ್ದು. ಹಾಗಾದರೆ ಈ ಲಾರಿಗಳಿಗೆ ಬೆಂಕಿಯೇ ಹತ್ತುವುದಿಲ್ಲ ಎಂದಾಯಿತಲ್ಲವೇ?” ಎಂದು ಕೇಳಿದ. ತರಗತಿಗೆ ತರಗತಿಯೇ ನಕ್ಕಿತು. ನನಗೆ ನಗು ಬರಲಿಲ್ಲ. ಅವನ ತರ್ಕದಲ್ಲಿ ಎಲ್ಲಿಯೂ ಎಡವಟ್ಟಿರಲಿಲ್ಲ. ಮೋಸವಿದ್ದುದು ಪದದಲ್ಲಿಯೇ. ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಇಳಿದು ಬಂದ ‘ಇನ್’ ಎಂಬ ಉಪಸರ್ಗಗಳು ಎರಡುಂಟು. ಒಂದು ‘ಅಲ್ಲ’ ಎನ್ನುತ್ತದೆ, ಇನ್ನೊಂದು ‘ಒಳಗೆ’ ಎನ್ನುತ್ತದೆ. ಅವಳಿ ಮಕ್ಕಳಂತೆ ಎರಡೂ ಒಂದೇ ಅಂಗಿ ತೊಟ್ಟಿವೆ. ಇನ್‌ಫ್ಲೇಮಬಲ್ ಎಂಬಲ್ಲಿ ಇರುವುದು ಎರಡನೆಯದು. ಜ್ವಾಲೆಯೊಳಕ್ಕೆ ಹೋಗಬಲ್ಲದ್ದು, ಎಂದರೆ ಥಟ್ಟನೆ ಹೊತ್ತಿಕೊಳ್ಳುವಂಥದ್ದು ಎಂದು ಆ ಪದದ ಅರ್ಥ.

ಇದು ನಮ್ಮ ಹಳ್ಳಿಯ ಹುಡುಗನೊಬ್ಬನ ಗೊಂದಲ ಎಂದು ತಿಳಿಯಬೇಡಿ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವ ಅಮೆರಿಕದಲ್ಲಿ ಕೂಡ ಇದೇ ಭಯ ಹುಟ್ಟಿತು. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 1920ರ ದಶಕದಲ್ಲಿ, ‘ಇನ್’ ಎಂಬುದನ್ನು ಕಿತ್ತುಹಾಕಿ ಬರಿಯ ‘ಫ್ಲೇಮಬಲ್’ ಎಂದು ಬರೆಯಿರಿ ಎಂದು ಒತ್ತಾಯಿಸತೊಡಗಿತು. ವ್ಯಾಕರಣದ ದೃಷ್ಟಿಯಿಂದ ಹಳೆಯ ಪದದಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ಬೆಂಕಿಗೆ ವ್ಯುತ್ಪತ್ತಿ ತಿಳಿಯದು. ಹೀಗಾಗಿ ಇಂದು ಇಂಗ್ಲಿಷಿನಲ್ಲಿ ‘ಇನ್’ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ವಿಚಿತ್ರ ಜೋಡಿಯೊಂದು ಬಳಕೆಯಲ್ಲಿದೆ.

ಆ ಹುಡುಗನಿಗೆ ನಾನು ‘ಅಮೂಲ್ಯ’ ಎಂಬ ಪದವನ್ನು ಉದಾಹರಿಸಿದೆ. ಅಸತ್ಯವೆಂದರೆ ಸತ್ಯವಲ್ಲದ್ದು, ಅಶುದ್ಧವೆಂದರೆ ಶುದ್ಧವಲ್ಲದ್ದು. ಆದರೆ ಅಮೂಲ್ಯವೆಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇಂಗ್ಲಿಷಿನ ‘ಇನ್‌ವ್ಯಾಲ್ಯುಬಲ್’ ಕೂಡ ಹಾಗೆಯೇ. ಅದನ್ನು ಕೆಲಸಕ್ಕೆ ಬಾರದ್ದು ಎಂದು ಅರ್ಥಮಾಡಿಕೊಂಡು, ಹೊಗಳಿಕೆಯ ಪತ್ರ ಕೈಗೆ ಬಂದಾಗ ಮುಖ ಬಾಡಿಸಿಕೊಂಡವರನ್ನು ನಾನು ಬಲ್ಲೆ.

ಬೆಂಕಿಯ ಮಾತು ಬಂದಾಗ ಬೆಂಜಮಿನ್ ಲೀ ವೋರ್ಫ್ (1897–1941) ನೆನಪಿಗೆ ಬರುತ್ತಾರೆ. ಈ ಅಮೆರಿಕನ್ನರಿಗೆ ಹೊಟ್ಟೆಪಾಡಿನ ಉದ್ಯೋಗ ಅಗ್ನಿವಿಮೆಯ ಕಂಪನಿಯೊಂದರಲ್ಲಿ. ಬಿಡುವಿನಲ್ಲಿ ಭಾಷೆಗಳ ಅಧ್ಯಯನ. ಬೆಂಕಿ ಬಿದ್ದ ಕಡೆ ಅದು ಏಕೆ ಬಿತ್ತೆಂದು ಪರಿಶೀಲಿಸುವುದು ಅವರ ಕೆಲಸವಾಗಿತ್ತು. ಹಾಗೆ ಪರಿಶೀಲಿಸುವಾಗ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಜನ ಬಹಳ ಎಚ್ಚರದಿಂದ ಇರುತ್ತಾರೆ. ‘ಎಂಪ್ಟಿ’, ಎಂದರೆ ಖಾಲಿ ಎಂದು ಕರೆಯುವ ಪೀಪಾಯಿಗಳ ಬಳಿ ಸಿಗರೇಟು ಸೇದುತ್ತಾರೆ, ತುಂಡನ್ನು ಅಲ್ಲಿಯೇ ಎಸೆಯುತ್ತಾರೆ. ವಾಸ್ತವದಲ್ಲಿ ಖಾಲಿ ಪೀಪಾಯಿಯೇ ಹೆಚ್ಚು ಅಪಾಯಕರ, ಏಕೆಂದರೆ ಅದರೊಳಗೆ ಸಿಡಿಯಬಲ್ಲ ಆವಿ ತುಂಬಿಕೊಂಡಿರುತ್ತದೆ. ‘ಖಾಲಿ’ ಎಂಬ ಎರಡಕ್ಷರದ ಮಾತು, ಏನೂ ಇಲ್ಲ, ಇನ್ನು ಭಯವಿಲ್ಲ ಎಂದು ಕಿವಿಯಲ್ಲಿ ಉಸುರಿತು. ಪಾಠ ಹೇಳುವವರೂ ಎಡವುವುದು ಇಂತಹ ಪುಟ್ಟ ಪದಗಳಲ್ಲಿಯೇ ಹೊರತು ನಾಲಗೆ ತಿರುಗದ ದೊಡ್ಡ ಪದಗಳಲ್ಲಲ್ಲ.

ಇದುವರೆಗೆ ಹೇಳಿದ್ದು ಪದ ನಿಂತಲ್ಲೇ ನಿಂತಿದ್ದರೂ ನಾವು ಅದನ್ನು ತಪ್ಪಾಗಿ ತಿಳಿಯುವ ಬಗೆ. ಪದವೇ ನಿಂತಲ್ಲಿ ನಿಲ್ಲದೆ ನಡೆದುಬಿಡುವುದೂ ಉಂಟು. ‘ನೈಸ್’ ಎಂಬುದನ್ನು ನೋಡಿ. ಚೆನ್ನಾಗಿದೆ ಎನ್ನಲು ನಿಮ್ಮಲ್ಲಿ ಹಲವರು ದಿನಕ್ಕೆ ಹತ್ತು ಬಾರಿ ಬಳಸುವ ಮಾತು ಅದು. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ತಿಳಿಯದವನು’ ಎಂದು ಅರ್ಥ. ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದಾಗ ಅದು ದಡ್ಡನನ್ನು ಹೆಸರಿಸುತ್ತಿತ್ತು. ಆಮೇಲೆ ಎಲ್ಲದರಲ್ಲಿಯೂ ಕೊಂಕು ತೆಗೆಯುವ ನಾಜೂಕಿನವನನ್ನು, ಆಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಹೇಳತೊಡಗಿ, 18ನೆಯ ಶತಮಾನದಲ್ಲಿ ‘ಹಿತವಾದದ್ದು’ ಎಂಬಲ್ಲಿಗೆ ಬಂದು ಮುಟ್ಟಿತು. ಜೇನ್ ಆಸ್ಟೆನ್ ಅವರ ‘ನಾರ್ಥಾಂಗರ್ ಆ್ಯಬಿ’ ಕಾದಂಬರಿಯಲ್ಲಿ, ಕಂಡಕಂಡದ್ದಕ್ಕೆಲ್ಲ ‘ನೈಸ್’ ಎನ್ನುವುದನ್ನು ಒಬ್ಬ ತರುಣ ಗೇಲಿ ಮಾಡುವ ಸೊಗಸಾದ ಸಂಭಾಷಣೆಯಿದೆ. ಕನ್ನಡಕ್ಕೆ ಬಂದ ಮೇಲಾದರೂ ಅದು ಸುಮ್ಮನಿತ್ತೇ? ದೋಸೆಯ ಹಿಟ್ಟನ್ನು ‘ನೈಸಾಗಿ’ ರುಬ್ಬಬೇಕು ಎನ್ನುತ್ತೇವೆ. ಕೆಲಸ ಕಂಡೊಡನೆ ‘ನೈಸಾಗಿ’ ಜಾರಿಕೊಂಡ ಎನ್ನುತ್ತೇವೆ. ಈ ನುಣುಪನ್ನೂ ಈ ಕಳ್ಳತನವನ್ನೂ ಅದಕ್ಕೆ ಕೊಟ್ಟವರು ನಾವೇ. ಇಂಗ್ಲೆಂಡಿನವರು ಕೇಳಿದರೆ ಬೆರಗಾದಾರು.

‘ಸಿಲಿ’ ಎಂಬುದರ ಕಥೆ ಇದರ ತಿರುವುಮುರುವು. ಇಂದು ಅದು ಪೆದ್ದತನವನ್ನು ಸೂಚಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವಜನಾದ ಪದಕ್ಕೆ ‘ಧನ್ಯ’, ‘ಭಾಗ್ಯಶಾಲಿ’ ಎಂಬ ಅರ್ಥವಿತ್ತು. ಅದರ ದಾಯಾದಿಯಾದ ಜರ್ಮನ್ ಪದಕ್ಕೆ ಇಂದಿಗೂ ‘ಧನ್ಯ’ ಎಂಬ ಅರ್ಥವುಂಟು. ದೈವಕೃಪೆ ಪಡೆದವನು ಮುಗ್ಧನಾದ, ಮುಗ್ಧನು ಕನಿಕರಕ್ಕೆ ಪಾತ್ರನಾದ, ಕೊನೆಗೆ ಪೆದ್ದನಾದ. ಲೋಕ ಮುಗ್ಧರನ್ನು ನಡೆಸಿಕೊಳ್ಳುವ ರೀತಿ ಈ ಒಂದು ಪದದಲ್ಲಿ ದಾಖಲಾಗಿದೆ ಎಂದು ನನಗೆ ತೋರುತ್ತದೆ. ನಮ್ಮ ‘ಪಾಪ’ ಮಾತ್ರ ಬೇರೆ ದಾರಿ ಹಿಡಿಯಿತು. ಶಾಸ್ತ್ರಗಳಲ್ಲಿ ಅದು ನರಕಕ್ಕೆ ಒಯ್ಯುವ ಕೃತ್ಯ. ಅಡುಗೆಮನೆಯಲ್ಲಿ ನಮ್ಮ ಅಜ್ಜಿ “ಪಾಪ, ಮಗು ಹಸಿದಿದೆ” ಎಂದಾಗ ಅದು ಶುದ್ಧ ಕರುಣೆ.

ಒಂದೇ ಕಾಲದಲ್ಲಿ ಒಂದೇ ಪದ ಎರಡು ದೇಶಗಳಲ್ಲಿ ಎದುರುಬದುರಾಗಿ ನಿಂತರೆ ಏನಾಗುತ್ತದೆಂಬುದನ್ನು ವಿನ್‌ಸ್ಟನ್ ಚರ್ಚಿಲ್ ಎರಡನೆಯ ಮಹಾಯುದ್ಧದ ತಮ್ಮ ಇತಿಹಾಸದಲ್ಲಿ ಹೇಳಿದ್ದಾರೆ. 1941ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾಪ್ರಮುಖರು ವಾಷಿಂಗ್ಟನ್ನಿನಲ್ಲಿ ಸಭೆ ಸೇರಿದ್ದರು. ಬ್ರಿಟಿಷರು ಒಂದು ಪತ್ರವನ್ನು ‘ಟೇಬಲ್’ ಮಾಡಬೇಕೆಂದರು, ಎಂದರೆ ಕೂಡಲೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು. ಅಮೆರಿಕನ್ನರಿಗೆ ‘ಟೇಬಲ್’ ಮಾಡುವುದೆಂದರೆ ಚರ್ಚಿಸದೆ ಬದಿಗಿಡುವುದು. ಇದು ಮುಖ್ಯವಾದ ವಿಷಯ, ಹಾಗೆ ಮಾಡಕೂಡದು ಎಂದು ಅವರು ಪಟ್ಟು ಹಿಡಿದರು. ಇಬ್ಬರ ಇಚ್ಛೆಯೂ ಒಂದೇ ಆಗಿದ್ದರೂ ಬಿರುಸಾದ ವಾದ ಬಹಳ ಹೊತ್ತು ನಡೆಯಿತಂತೆ. ಜಗತ್ತು ಹೊತ್ತಿ ಉರಿಯುತ್ತಿದ್ದಾಗ! ನಮ್ಮ ಶಾಸನಸಭೆಗಳು ಉಳಿಸಿಕೊಂಡಿರುವುದು ಬ್ರಿಟಿಷರ ಅರ್ಥವನ್ನು. ಇಲ್ಲಿ ಸದನದ ಮೇಜಿನ ಮೇಲೆ ವರದಿಯನ್ನು ಇಡುವುದೆಂದರೆ ಎಲ್ಲರ ಮುಂದೆ ಇಡುವುದು.

ಇನ್ನೊಂದು ಪದದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ‘ಡಿಸ್‌ಇಂಟರೆಸ್ಟೆಡ್’ ಎಂಬುದನ್ನು ಈಗ ಬಹುಮಂದಿ ‘ಆಸಕ್ತಿಯಿಲ್ಲದ’ ಎಂಬ ಅರ್ಥದಲ್ಲಿ ಬಳಸುತ್ತಾರೆ. 17ನೆಯ ಶತಮಾನದಲ್ಲಿಯೇ ಆ ಅರ್ಥವಿತ್ತೆಂದು ನಿಘಂಟುಕಾರರು ತೋರಿಸಿದ್ದಾರೆ. ಆದುದರಿಂದ ಅದು ತಪ್ಪೆಂದು ನಾನು ಸಾಧಿಸಲಾರೆ. ಆದರೂ ‘ಸ್ವಂತ ಲಾಭದ ಹಂಗಿಲ್ಲದ’ ಎಂಬ ಅದರ ಇನ್ನೊಂದು ಅರ್ಥ ಕಳೆದುಹೋಗಬಾರದು. ನಮ್ಮಲ್ಲಿ ‘ನಿರಾಸಕ್ತ’ ಬೇರೆ, ‘ನಿಸ್ಪೃಹ’ ಬೇರೆ. ನ್ಯಾಯಪೀಠದ ಮುಂದೆ ಕೈಮುಗಿದು ನಿಂತ ಬಡವನಿಗೆ ಬೇಕಾಗಿರುವುದು ನಿಸ್ಪೃಹ ನ್ಯಾಯಾಧೀಶ. ನಿರಾಸಕ್ತ ನ್ಯಾಯಾಧೀಶ ಸಿಕ್ಕಿದರೆ ಅವನ ಗತಿಯೇನು?

ಕೆಲವು ಪದಗಳು ಬಳಕೆಯಿಂದ ಮರೆಯಾದರೂ ಎಲ್ಲೋ ಮೂಲೆಯಲ್ಲಿ ಉಸಿರು ಹಿಡಿದುಕೊಂಡಿರುತ್ತವೆ. ನನ್ನ ಸೋದರಳಿಯ ಪರದೇಶಕ್ಕೆ ಹೊರಟಿದ್ದಾಗ ತನ್ನ ಪಾಸ್‌ಪೋರ್ಟನ್ನು ನನ್ನ ಮುಂದೆ ಹಿಡಿದ. ಭಾರತ ಗಣರಾಜ್ಯದ ರಾಷ್ಟ್ರಪತಿಗಳ ಹೆಸರಿನಲ್ಲಿ, ಇದನ್ನು ಹೊಂದಿರುವವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಹೋಗಗೊಡಬೇಕೆಂಬ ಕೋರಿಕೆ ಅದರಲ್ಲಿ ಅಚ್ಚಾಗಿರುತ್ತದೆ. “ಲೆಟ್ ಎಂದರೆ ಬಿಡು ಎಂದಲ್ಲವೇ ಮಾವ? ನನ್ನನ್ನು ಬಿಡದೆ ಬಿಡಿ ಎಂದು ಬರೆದಿದ್ದಾರಲ್ಲ!” ಎಂದು ಗಾಬರಿಗೊಂಡ. ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿದ್ದವು. ಒಂದಕ್ಕೆ ‘ಬಿಡು’ ಎಂಬ ಅರ್ಥ, ಇನ್ನೊಂದಕ್ಕೆ ‘ತಡೆ’ ಎಂಬ ಅರ್ಥ. ಕಾಲಕ್ರಮದಲ್ಲಿ ಎರಡರ ಉಚ್ಚಾರಣೆಯೂ ಸವೆದು ‘ಲೆಟ್’ ಎಂದಾಯಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ತನ್ನನ್ನು ತಡೆಯುವವರನ್ನು ಬೆದರಿಸುವಾಗ ಬಳಸುವುದು ಈ ತಡೆಯುವ ‘ಲೆಟ್’ ಅನ್ನೇ. ಹೀಗೆ ಒಂದೇ ಧ್ವನಿ ಹೋಗು ಎಂದೂ ನಿಲ್ಲು ಎಂದೂ ಹೇಳಿದರೆ ವ್ಯವಹಾರ ನಡೆಯುವುದೆಂತು? ತಡೆಯುವ ‘ಲೆಟ್’ ಹಿಂದೆ ಸರಿಯಿತು.

ಸರಿದು ಅದು ಸೇರಿಕೊಂಡ ಜಾಗಗಳಲ್ಲಿ ಕಾನೂನಿನ ಬರಹ ಒಂದು, ಆಟದ ಅಂಗಳ ಇನ್ನೊಂದು. ಟೆನಿಸ್ಸಿನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ, ಬೀಳಬೇಕಾದ ಕಡೆಯೇ ಬಿದ್ದರೆ ‘ಲೆಟ್’ ಎಂದು ಕೂಗುತ್ತಾರೆ. ನಮ್ಮ ಬೀದಿಯ ಮಕ್ಕಳು ಸಂಜೆ ಬ್ಯಾಡ್ಮಿಂಟನ್ ಆಡುತ್ತಾರೆ. ನಡುವೆ ಪಕ್ಕದ ಅಂಗಳದಿಂದ ಇನ್ನೊಂದು ಷಟಲ್ ಹಾರಿ ಬಂದು ಬಿದ್ದರೆ ಎರಡು ಕಡೆಯವರೂ ಒಟ್ಟಿಗೆ “ಲೆಟ್, ಲೆಟ್” ಎಂದು ಕೂಗಿ, ಅದನ್ನು ಎತ್ತಿ ಆಚೆಗೆ ಎಸೆದು, ಮತ್ತೆ ಮೊದಲಿನಿಂದ ಸರ್ವ್ ಮಾಡುತ್ತಾರೆ.