ಬಾಳೆನಾರು

ಅಪ್ಪನಿಗೆ ಮಾತು ಹೋಗಿ ಮೂರು ವರ್ಷ. ಮಿದುಳಿನ ಬುಡದಲ್ಲಿ ಪಾರ್ಶ್ವವಾಯು. ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ನಾಲಿಗೆ ಮಾತ್ರ ಏಳುವುದಿಲ್ಲ. ಅಮ್ಮ ಗೋಡೆಗೆ ಮಕ್ಕಳ ಕಾಗುಣಿತದ ಪಟ ತೂಗುಹಾಕಿದ್ದಾಳೆ. ಮೊದಲು ಸಾಲು ಹಿಡಿಯುವುದು, ಆಮೇಲೆ ಅಕ್ಷರ. ಅವಳು ಬೆರಳು ಸರಿಸುತ್ತ ಹೋಗುತ್ತಾಳೆ, ಅಪ್ಪ ಕಣ್ಣು ಮಿಟುಕಿಸುತ್ತಾರೆ. ‘ಕಾಫಿ’ ಎನ್ನಲು ಎರಡು ನಿಮಿಷ. ಒತ್ತಕ್ಷರ ಬಂದರೆ ಅಮ್ಮನೇ ಊಹಿಸಿಬಿಡುತ್ತಾಳೆ.

ನಾನು ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಮಿದುಳಿನೊಳಗಿಡುವ ಎಲೆಕ್ಟ್ರೋಡುಗಳನ್ನು ಮಾಡುತ್ತೇನೆ. ಇದು ಊರಿಗೆಲ್ಲ ಗೊತ್ತು. ರಜೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: “ಅಪ್ಪನಿಗೆ ಯಾವಾಗ ಹಾಕ್ತೀಯಪ್ಪಾ?”

ಹಾಕುವುದು ದೊಡ್ಡದಲ್ಲ. 2004ರಲ್ಲೇ ಮ್ಯಾಥ್ಯೂ ನೇಗಲ್ ಎಂಬ ಅಮೆರಿಕದ ಯುವಕ ಮಿದುಳಲ್ಲಿ ಕೂರಿಸಿದ ಚಿಪ್ಪಿನಿಂದ ಕಂಪ್ಯೂಟರಿನ ಕರ್ಸರ್ ಓಡಾಡಿಸಿದ್ದ. 4 ಮಿಲಿಮೀಟರ್ ಚೌಕದಲ್ಲಿ 100 ಸಿಲಿಕಾನ್ ಸೂಜಿ. ಕಷ್ಟವಿರುವುದು ಆಮೇಲೆ. ಮಿದುಳು ಹಾಲುಬಾಯಿಯಷ್ಟು ಮೆತ್ತಗೆ. ಉಸಿರಿಗೊಮ್ಮೆ, ನಾಡಿಗೊಮ್ಮೆ ಅಲುಗುತ್ತದೆ. ಸಿಲಿಕಾನ್ ಅದಕ್ಕಿಂತ ಕೋಟಿ ಪಟ್ಟಿಗೂ ಹೆಚ್ಚು ಗಡಸು. ಅಲುಗಿದಷ್ಟೂ ಗೀರುತ್ತದೆ. ಗ್ಲಯಲ್ ಕೋಶಗಳು ಸುತ್ತ ಗಾಯದ ಗೋಡೆ ಎಬ್ಬಿಸುತ್ತವೆ. ನರಕೋಶದ ದನಿ ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟಿದ್ದರೆ ಹೆಚ್ಚು. ಅದು ಗೋಡೆಯಾಚೆಯೇ ಉಳಿದುಬಿಡುತ್ತದೆ.

ಅದಕ್ಕೇ ನಾವು ಪಾಲಿಇಮೈಡಿನ ಎಳೆ ಮಾಡುತ್ತೇವೆ. ದಪ್ಪ ಅರ್ಧವಾದರೆ ಬಾಗಲು ಬೇಕಾದ ಬಲ ಎಂಟರಲ್ಲೊಂದು ಪಾಲಿಗಿಳಿಯುತ್ತದೆ. ಆದರೆ ಮಿದುಳಿಗೆ ಒಗ್ಗುವಷ್ಟು ಮೆತ್ತಗಾದದ್ದು ಒಳಗೇ ಹೋಗುವುದಿಲ್ಲ, ಮೇಲೆಯೇ ಮುದುಡಿಕೊಳ್ಳುತ್ತದೆ. ಒಳಗೆ ಹೋದಮೇಲೆ ಕರಗುವ ಲೇಪ ಹಚ್ಚಿ ಅದನ್ನು ನೆಟ್ಟಗೆ ಮಾಡುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಮೊನ್ನೆ ಜಗುಲಿಯಲ್ಲಿ ಅಮ್ಮನಿಗೆ ವಿವರಿಸಿದೆ. ಮಲ್ಲಿಗೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ಬಾಳೆನಾರು ಹಾಗೇ ಅಲ್ವೇನೋ? ಒಣಗಿದ್ರೆ ಸೆಟೆದು ನಿಲ್ಲುತ್ತೆ, ನೀರಿಗೆ ಹಾಕಿದ್ರೆ ಹೇಳಿದ ಹಾಗೆ ಕೇಳುತ್ತೆ.” ಸ್ವಲ್ಪ ತಡೆದು, “ನೆಂದದ್ದು ಬೇಗ ಕೊಳೆಯುತ್ತೆ,” ಎಂದಳು.

ನಮ್ಮದೂ ಹಾಗೆಯೇ. ತೆಳು ಪದರದೊಳಗೆ ತೇವ ನುಸುಳುತ್ತದೆ, ಚಿನ್ನದ ಗೆರೆ ಎದ್ದು ಬರುತ್ತದೆ. ಬೆಚ್ಚನೆಯ ಉಪ್ಪುನೀರಲ್ಲಿ ಮುಳುಗಿಸಿ ಆಯಸ್ಸು ಅಳೆಯುವುದೇ ಈಗ ನನ್ನ ಕೆಲಸ.

ಆ ಸಂಜೆ ಅಪ್ಪ ಪಟದತ್ತ ನೋಡಿದರು. ಅಮ್ಮ ಬೆರಳಿಟ್ಟಳು. “ಎಷ್ಟು ದಿನ ಬರುತ್ತೆ?” ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರ ಪ್ರಶ್ನೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಲಿಯೊಳಗೆ ಎಂಟು ತಿಂಗಳು ಬಂತಪ್ಪ.”

ಮತ್ತೆ ಪಟ. ಸಾ. ಲ. ಅಮ್ಮ ಗಾಬರಿಯಾದಳು. “ಸಾಲವಾ? ಯಾರ ಸಾಲ?”

ಅಪ್ಪ ಕಣ್ಣು ಮಿಟುಕಿಸಲಿಲ್ಲ. ಅವಳ ಬೆರಳು ‘ದ’ ಸಾಲಿಗೆ ಬರುವವರೆಗೂ ಕಾದರು.